ಕ್ಯಾಸಿನೊ ಚಿಪ್‌ಗಳ ಬಣ್ಣಭೇದ: ಗುರುತಿಸಿ, ಪರೀಕ್ಷಿಸಿ, ದಾಖಲಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕ್ಯಾಸಿನೊ ಚಿಪ್‌ಗಳನ್ನು, ಅಂದರೆ ಜೂಜಿನ ಮೇಜಿನಲ್ಲಿ ಹಣದ ಬದಲು ಬಳಸುವ ದುಂಡು ಬಿಲ್ಲೆಗಳನ್ನು, ಸಂಗ್ರಹಿಸುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಒಂದೇ ಕ್ಯಾಸಿನೊದ, ಒಂದೇ ಮುಖಬೆಲೆಯ, ಒಂದೇ ವಿನ್ಯಾಸದ ಎರಡು ಚಿಪ್‌ಗಳನ್ನು ಪಕ್ಕಪಕ್ಕ ಇಟ್ಟಾಗ ಒಂದರ ಅಂಚಿನ ತುಣುಕುಗಳು (ಅಂಚಿನಲ್ಲಿ ಅಲ್ಲಲ್ಲಿ ಕೂರಿಸಿದ ಬೇರೆ ಬಣ್ಣದ ತುಂಡುಗಳು) ಕಿತ್ತಳೆ ಬಣ್ಣದಲ್ಲಿಯೂ ಇನ್ನೊಂದರವು ಅದಕ್ಕಿಂತ ತಿಳಿಯಾಗಿ, ಗುಲಾಬಿಯ ಕಡೆಗೆ ವಾಲಿದಂತೆಯೂ ಕಂಡರೆ, ಅವು ಬೇರೆ ಬೇರೆ ಚಿಪ್‌ಗಳೇ, ಇಲ್ಲವೇ ಒಂದೇ ಚಿಪ್‌ನ ಎರಡು ಸ್ಥಿತಿಗಳೇ? ಬೇರೆ ಚಿಪ್‌ಗಳಾದರೆ ಪಟ್ಟಿಯಲ್ಲಿ ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ ಸಲ್ಲಬೇಕು. ಹಾಗಲ್ಲದೆ ಬಿಸಿಲಿಗೆ ಮಾಸಿದ ಚಿಪ್‌ಗೆ ಹೊಸ ಸಂಖ್ಯೆ ಕೊಟ್ಟುಬಿಟ್ಟರೆ, ಆ ತಪ್ಪು ಒಬ್ಬರ ಪಟ್ಟಿಯಿಂದ ಇನ್ನೊಬ್ಬರ ಪಟ್ಟಿಗೆ ದಾಟುತ್ತಾ ಹೋಗುತ್ತದೆ. ಅದನ್ನು ನಂಬಿ ಹೆಚ್ಚಿನ ಬೆಲೆ ತೆತ್ತವರಿಗೆ ನಷ್ಟವಾಗುತ್ತದೆ. ಕಣ್ಣಿಗೆ ಕಂಡ ಬಣ್ಣವನ್ನು ಒಂದು ಕಡೆ, ಆ ಬಣ್ಣ ಬಂದ ಕಾರಣವನ್ನು ಇನ್ನೊಂದು ಕಡೆ ಬರೆದಿಟ್ಟುಕೊಂಡು, ಕಾರಣ ಗಟ್ಟಿಯಾದ ಮೇಲಷ್ಟೇ ಭೇದವೆಂದು ಘೋಷಿಸಬೇಕು ಎಂಬುದು ಈ ಮಾರ್ಗದರ್ಶಿಯ ತಳಹದಿ. ಮುಂದಿನ ಹೆಜ್ಜೆಗಳೆಲ್ಲ ಅದನ್ನೇ ಆಚರಣೆಗೆ ತರುವ ಬಗೆಗಳು.

ಪಟ್ಟಿಯ ಎಲ್ಲೆಯನ್ನು ಮೊದಲು ಗೊತ್ತುಮಾಡಿಕೊಳ್ಳಿ

ನೆವಾಡಾ ರಾಜ್ಯದಲ್ಲಿ ಜೂಜು 1931ರಲ್ಲಿ ಕಾನೂನುಬದ್ಧವಾಯಿತು. ಅಂದಿನಿಂದ ಲಾಸ್ ವೇಗಸ್, ರೀನೊ, ಲೇಕ್ ಟಾಹೊ ಮತ್ತು ಹಲವಾರು ಚಿಕ್ಕ ಊರುಗಳಲ್ಲಿ ತೆರೆದು ಮುಚ್ಚಿದ ಕ್ಯಾಸಿನೊಗಳ ಚಿಪ್‌ಗಳನ್ನೆಲ್ಲ ಒಬ್ಬರೇ ಬಣ್ಣಭೇದದ ಮಟ್ಟಕ್ಕೆ ಪಟ್ಟಿ ಮಾಡುವುದು ಆಗುವ ಕೆಲಸವಲ್ಲ. ಒಂದು ಊರು, ಒಂದು ಕ್ಯಾಸಿನೊ, ಒಬ್ಬ ತಯಾರಕ ಅಥವಾ ಒಂದು ಮುಖಬೆಲೆ, ಇವುಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಂಡು ಅದನ್ನು ಪೂರ್ತಿಯಾಗಿ ಮಾಡುವುದು ಮೇಲು. ಹೊಸಬರಿಗೆ ನಾನು ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯನ್ನು ಸೂಚಿಸುತ್ತೇನೆ. ಅಲ್ಲಿನ ಮೊದಲ ಕ್ಯಾಸಿನೊ ರೆಸಾರ್ಟ್ಸ್ ಇಂಟರ್‌ನ್ಯಾಷನಲ್ 1978ರ ಮೇ 26ರಂದು ತೆರೆಯಿತು. ಆರಂಭದ ದಿನಾಂಕ ಸ್ಪಷ್ಟವಾಗಿದೆ, ಕ್ಯಾಸಿನೊಗಳ ಸಂಖ್ಯೆಗೆ ಮಿತಿಯಿದೆ, ಎಲ್ಲವೂ ಒಂದೇ ಊರಿನಲ್ಲಿವೆ.

ಅಟ್ಲಾಂಟಿಕ್ ಸಿಟಿಯನ್ನು ಹೇಳಲು ಇನ್ನೂ ದೊಡ್ಡ ಕಾರಣವೊಂದಿದೆ. ನ್ಯೂಜೆರ್ಸಿಯ ನಿಯಮಗಳು ಮುಖಬೆಲೆಗೆ ತಕ್ಕಂತೆ ಚಿಪ್‌ನ ಮೈಬಣ್ಣವನ್ನೇ ಗೊತ್ತುಮಾಡಿವೆ: 1 ಡಾಲರ್ ಬಿಳಿ, ಎರಡೂವರೆ ಡಾಲರ್ ಗುಲಾಬಿ, 5 ಡಾಲರ್ ಕೆಂಪು, 20 ಡಾಲರ್ ಹಳದಿ, 25 ಡಾಲರ್ ಹಸಿರು, 100 ಡಾಲರ್ ಕಪ್ಪು, 500 ಡಾಲರ್ ನೇರಳೆ, 1000 ಡಾಲರ್ ಉರಿಗಿತ್ತಳೆ, 5000 ಡಾಲರ್ ಬೂದು. ಅಷ್ಟೇ ಅಲ್ಲ, ಪ್ರತಿಯೊಂದು ಬಣ್ಣವೂ ಏನೆಂಬುದನ್ನು ಬಣ್ಣಗಳನ್ನು ಅಳೆದು ಹೇಳುವ ಮನ್ಸೆಲ್ ಪದ್ಧತಿಯ ಸಂಕೇತಗಳಲ್ಲಿ ಹೇಳಿ, ಹಗಲು ಬೆಳಕಿನಲ್ಲಿಯೂ ತಂತಿ ದೀಪದ (ಒಳಗಿನ ತಂತಿ ಕಾದು ಬೆಳಗುವ ಹಳೆಯ ಬಗೆಯ ಬಲ್ಬಿನ) ಬೆಳಕಿನಲ್ಲಿಯೂ ಅದು ಹಾಗೆಯೇ ಕಾಣಬೇಕೆಂದು ವಿಧಿಸಲಾಗಿದೆ. ಹೀಗಾಗಿ ಅಲ್ಲಿನ ಎರಡು 5 ಡಾಲರ್ ಚಿಪ್‌ಗಳ ಮೈಯ ಕೆಂಪಿನಲ್ಲಿ ತುಸು ಅಂತರ ಕಂಡರೆ, ಅದು ಕ್ಯಾಸಿನೊ ಬೇಕೆಂದೇ ಮಾಡಿಸಿದ ಬದಲಾವಣೆಯಾಗಿರುವ ಸಂಭವ ಬಹಳ ಕಡಿಮೆ. ಬೇಕೆಂದೇ ಮಾಡಿದ ಬದಲಾವಣೆಗಳನ್ನು ಅಂಚಿನ ತುಣುಕುಗಳಲ್ಲಿ ಹುಡುಕಬೇಕು. ನೆವಾಡಾದಲ್ಲಿ ಐದಕ್ಕೆ ಕೆಂಪು, ಇಪ್ಪತ್ತೈದಕ್ಕೆ ಹಸಿರು, ನೂರಕ್ಕೆ ಕಪ್ಪು ಎಂಬುದು ರೂಢಿಯಿಂದ ನೆಲೆಯೂರಿದ ಕ್ರಮ. ಆ ರೂಢಿ ಗಟ್ಟಿಯಾಗುವ ಮುಂಚಿನ ಚಿಪ್‌ಗಳಲ್ಲಿ 5 ಡಾಲರ್ ಚಿಪ್ ಯಾವ ಬಣ್ಣದಲ್ಲಾದರೂ ಇರಬಹುದು. 1 ಡಾಲರ್ ಚಿಪ್‌ಗಳಂತೂ ಇಂದಿಗೂ ಬಿಳಿ, ನೀಲಿ, ಬೂದು ಎಂದು ಬಗೆಬಗೆಯಾಗಿವೆ. ಅಲ್ಲಿ ಮೈಬಣ್ಣವೇ ನಿಜವಾದ ಭೇದವಾಗುವ ಅವಕಾಶ ಹೆಚ್ಚು. ನೀವು ಆರಿಸಿಕೊಂಡ ಊರಿನ ನಿಯಮ ಮತ್ತು ರೂಢಿ ಎರಡನ್ನೂ ಪಟ್ಟಿಯ ಮೊದಲ ಪುಟದಲ್ಲಿಯೇ ಬರೆದಿಡಿ.

ಬಣ್ಣ ಚಿಪ್‌ನೊಳಗೆ ಸೇರುವ ಬಗೆಯನ್ನು ತಿಳಿದುಕೊಳ್ಳಿ

ಸಂಗ್ರಾಹಕರು ‘ಕ್ಲೇ ಚಿಪ್’ ಎಂದು ಕರೆಯುವ ಚಿಪ್ ಬರೀ ಜೇಡಿಮಣ್ಣಿನದಲ್ಲ. ಖನಿಜ ಪುಡಿ, ಅಂಟುಪದಾರ್ಥ ಮತ್ತು ಬಣ್ಣದ ಪುಡಿಗಳನ್ನು ಕಲಸಿದ ಮಿಶ್ರಣ. ಈ ಮಿಶ್ರಣದ ಹಾಳೆಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಅಂಚಿನಲ್ಲಿ ಬೇಕಾದ ಕಡೆ ತುಂಡು ತೆಗೆದು, ಅದೇ ಅಳತೆಯ ಬೇರೆ ಬಣ್ಣದ ತುಣುಕನ್ನು ಆ ಜಾಗಕ್ಕೆ ಕೂರಿಸಿ, ನಡುವೆ ಮುದ್ರಿತ ಕಾಗದದ ಇನ್‌ಲೇ ಇಟ್ಟು, ಶಾಖ ಮತ್ತು ಒತ್ತಡಗಳಿಂದ ಅಚ್ಚಿನಲ್ಲಿ ಒತ್ತಲಾಗುತ್ತದೆ. ಲಾಸ್ ಏಂಜಲೀಸ್‌ನ ಟಿ.ಆರ್. ಕಿಂಗ್, ಸಿನ್ಸಿನಾಟಿಯ ಯುಎಸ್ ಪ್ಲೇಯಿಂಗ್ ಕಾರ್ಡ್, ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಬರ್ಟ್ ಕಂಪನಿ, 1963ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುವಾದ ಪಾಲ್-ಸನ್ ಇವೆಲ್ಲ ಈ ಕೆಲಸದಲ್ಲಿ ಹೆಸರು ಮಾಡಿದ ತಯಾರಕರು. ಚಿಪ್‌ನ ಅಂಚಿನುದ್ದಕ್ಕೂ ಒತ್ತಿರುವ ಅಚ್ಚಿನ ಗುರುತು ಅದು ಯಾರ ತಯಾರಿಕೆಯೆಂದು ಹೇಳುತ್ತದೆ. ಪಾಲ್-ಸನ್ ಚಿಪ್‌ಗಳ ಟೋಪಿ ಮತ್ತು ಕೈಕೋಲಿನ ಗುರುತನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಈ ವಿಧಾನದಿಂದ ಹೊಮ್ಮುವ ಒಂದು ಸಂಗತಿ ಬಣ್ಣದ ಪಟ್ಟಿಗೆ ಬಹಳ ಮುಖ್ಯ. ಮೈಬಣ್ಣವಾಗಲಿ ತುಣುಕಿನ ಬಣ್ಣವಾಗಲಿ ಮೇಲೆ ಬಳಿದದ್ದಲ್ಲ. ಅದು ಪದಾರ್ಥದ ಉದ್ದಗಲಕ್ಕೂ ಬೆರೆತಿರುತ್ತದೆ, ತುಣುಕು ಚಿಪ್‌ನ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಹಾಯುತ್ತದೆ. ಆದ್ದರಿಂದ ತಯಾರಿಕೆಯಲ್ಲೇ ಬಂದ ಬಣ್ಣ ಎರಡೂ ಮುಖಗಳಲ್ಲಿ, ಅಂಚಿನಲ್ಲಿ, ಒಳಗೆ ಒಂದೇ ಆಗಿರಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹಲವು ಇದನ್ನೇ ಆಧರಿಸಿವೆ. ಇಡೀ ಮುಖ ಮತ್ತು ಅಂಚಿನ ಮೇಲೆ ಚಿತ್ರ ಮುದ್ರಿಸುವ, ‘ಸೆರಾಮಿಕ್’ ಎಂದು ಕರೆಯಲಾಗುವ ಚಿಪ್‌ಗಳಿಗೆ ಈ ತರ್ಕ ಹೊಂದುವುದಿಲ್ಲ. ಅವುಗಳ ಒಳಗು ಬಿಳಿ, ಬಣ್ಣ ಮೇಲ್ಮೈಗಷ್ಟೇ ಸೀಮಿತ. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬಿ ಮಾಡಿದ ಚಿಪ್‌ಗಳಲ್ಲಿ ಬಣ್ಣ ಒಳಗೂ ಇರುತ್ತದೆ, ಆದರೆ ಬೇರೆ ಬೇರೆ ಬಣ್ಣಗಳು ಕೂಡುವ ಗೆರೆಯ ನೋಟ ಬೇರೆ. ಹೀಗಾಗಿ ಪ್ರತಿ ನಮೂದಿನಲ್ಲಿ ತಯಾರಿಕೆಯ ವಿಧವನ್ನು ಬಣ್ಣಕ್ಕಿಂತ ಮೊದಲೇ ಬರೆಯಬೇಕು.

ಅಂಚಿನ ತುಣುಕುಗಳು ಏಕಿವೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನೆವಾಡಾದ ನಿಯಮದ ಪ್ರಕಾರ, ಬೇರೆ ಬೇರೆ ಮುಖಬೆಲೆಯ ಚಿಪ್‌ಗಳನ್ನು ಒಂದರ ಮೇಲೊಂದು ಪೇರಿಸಿದಾಗ ಕಪ್ಪು-ಬಿಳುಪು ಟಿವಿಯ ಪರದೆಯ ಮೇಲೂ ಪ್ರತಿಯೊಂದರ ಬೆಲೆ ಬೇರೆಯಾಗಿ ಗುರುತಾಗಬೇಕು. ಬಣ್ಣವೇ ಕಾಣದ ಪರದೆಯಲ್ಲಿ ಉಳಿಯುವುದು ತಿಳಿ-ಗಾಢಗಳ ಅಂತರ ಮತ್ತು ತುಣುಕುಗಳ ಸಂಖ್ಯೆ, ಅಗಲ, ಜೋಡಣೆ ಮಾತ್ರ. ಆದುದರಿಂದ ತುಣುಕುಗಳ ಜೋಡಣೆ ಬದಲಾಗಿದ್ದರೆ ಅದು ಖಂಡಿತವಾಗಿ ಬೇರೆ ಚಿಪ್. ತುಣುಕಿನ ಬಣ್ಣ ಕೊಂಚ ಬದಲಾಗಿದ್ದರೆ ಮಾತ್ರ ಅನುಮಾನಕ್ಕೆ ಎಡೆಯಿದೆ.

ಬೆಳಕು, ಜಾಗ, ಕಣ್ಣು

ಸೀರೆ ಅಂಗಡಿಯಲ್ಲಿ ಮೆಚ್ಚಿದ ಸೀರೆಯನ್ನು ಬಾಗಿಲ ಬಳಿಗೆ ತಂದು ಹಗಲು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ನಮ್ಮ ಹಿರಿಯರಿಗಿತ್ತು. ಚಿಪ್‌ಗೂ ಅದೇ ಎಚ್ಚರ ಬೇಕು. ಬೇರೆ ಬೇರೆ ಬಣ್ಣದ ಪುಡಿಗಳಿಂದ ಮಾಡಿದ ಎರಡು ವಸ್ತುಗಳು ಒಂದು ದೀಪದಡಿ ತದ್ರೂಪವಾಗಿ ಕಂಡು ಇನ್ನೊಂದರಡಿ ಬೇರೆಯಾಗಿ ಕಾಣುವುದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಇದು ತೊಡಕೂ ಹೌದು, ಸುಳಿವೂ ಹೌದು: ಹಗಲಿನಲ್ಲಿ ಒಂದೇ ಆಗಿ ಕಂಡ ಎರಡು ತುಣುಕುಗಳು ತಂತಿ ದೀಪದಡಿ ಬೇರೆಯಾಗಿ ಕಂಡರೆ ಅವುಗಳಲ್ಲಿ ಬಳಸಿದ ಬಣ್ಣದ ಪುಡಿಗಳೇ ಬೇರೆ ಎಂದು ಶಂಕಿಸಬಹುದು.

ದಿನದ ಎಲ್ಲ ಹೊತ್ತಿನಲ್ಲೂ ಒಂದೇ ಬಗೆಯ ಬೆಳಕು ಸಿಗಬೇಕಾದರೆ ಕಿಟಕಿಯನ್ನು ನಂಬದೆ 5000 ಕೆಲ್ವಿನ್ ವರ್ಣತಾಪದ, ಬಣ್ಣ ತೋರುವ ಸೂಚ್ಯಂಕ (ಸಿಆರ್‌ಐ) 90ಕ್ಕಿಂತ ಹೆಚ್ಚಿರುವ ದೀಪವನ್ನು ಕೊಂಡು, ಅದೊಂದನ್ನೇ ಹಚ್ಚಿ ನೋಡಿ. ಮೇಜಿನ ಮೇಲೆ ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಕಾಗದ ಹಾಸಿ. ಕೆಂಪು ಮಖಮಲ್ಲಿನ ಮೇಲಿಟ್ಟ ತಿಳಿಗಿತ್ತಳೆ ತುಣುಕು ಇದ್ದದ್ದಕ್ಕಿಂತ ಹಳದಿಯಾಗಿ ಕಾಣುತ್ತದೆ. ಚಿಪ್‌ನಲ್ಲಿಯೇ ಈ ಮೋಸವಿದೆ: ಕಪ್ಪು ಮೈಯ ಮೇಲಿನ ಗುಲಾಬಿ ತುಣುಕು ಬಿಳಿ ಮೈಯ ಮೇಲಿನ ಅದೇ ಗುಲಾಬಿಗಿಂತ ತಿಳಿಯಾಗಿ ತೋರುತ್ತದೆ. ಇದನ್ನು ನಿವಾರಿಸಲು ಬೂದು ರಟ್ಟಿನಲ್ಲಿ ತುಣುಕಿಗಿಂತ ಚಿಕ್ಕದಾದ ಒಂದೇ ಅಳತೆಯ ಎರಡು ಕಿಂಡಿಗಳನ್ನು ಕೊರೆದು, ಹೋಲಿಸಬೇಕಾದ ಎರಡು ತುಣುಕುಗಳಷ್ಟೇ ಕಾಣುವಂತೆ ಮೇಲೆ ಹೊದಿಸಿ ನೋಡಬೇಕು. ಖರ್ಚಿಲ್ಲದ ಉಪಾಯವಿದು, ಆದರೆ ಇದರಿಂದ ಬಗೆಹರಿಯುವ ಅನುಮಾನಗಳು ಬಹಳ. ಕೆಂಪು-ಹಸಿರುಗಳನ್ನು ಬೇರ್ಪಡಿಸಿ ನೋಡುವ ಶಕ್ತಿ ಕಡಿಮೆಯಿರುವುದು ಗಂಡಸರಲ್ಲಿ ಅಪರೂಪವೇನಲ್ಲ, ಹಲವರಿಗೆ ಅದು ತಿಳಿದೂ ಇರುವುದಿಲ್ಲ. ಪಟ್ಟಿಗೆ ಕೈಹಾಕುವ ಮುನ್ನ ಕಣ್ಣಿನ ವೈದ್ಯರಲ್ಲಿ ಇಶಿಹಾರ ಚಿತ್ರಗಳ ಪರೀಕ್ಷೆ ಮಾಡಿಸಿಕೊಳ್ಳಿ. ಕೊರತೆಯಿದ್ದರೆ ಆ ಬಣ್ಣಗಳ ತೀರ್ಮಾನಕ್ಕೆ ಜೊತೆಗೊಬ್ಬರನ್ನು ಕೂರಿಸಿಕೊಂಡರಾಯಿತು.

ತೊಳೆಯುವ ಮುನ್ನ ನೋಡಿ, ನೋಡಿ ಬರೆದ ಮೇಲೆ ತೊಳೆಯಿರಿ

ಚಿಪ್ ಕೈಗೆ ಬಂದ ಸ್ಥಿತಿಯಲ್ಲಿಯೇ ಮೊದಲ ಚಿತ್ರ ತೆಗೆದು ಮೊದಲ ಟಿಪ್ಪಣಿ ಬರೆಯಬೇಕು. ಕೈಯ ಜಿಡ್ಡು, ಸಿಗರೇಟಿನ ಹೊಗೆ ಮತ್ತು ಧೂಳು ಸೇರಿದ ಪದರ ಬಿಳಿಯನ್ನು ಕೆನೆಬಣ್ಣಕ್ಕೂ ತಿಳಿನೀಲಿಯನ್ನು ಹಸಿರಿಗೂ ತಿರುಗಿಸಬಲ್ಲದು. ಒತ್ತಿ ಮಾಡಿದ ಕ್ಲೇ ಚಿಪ್ ಆಗಿದ್ದು ಇನ್‌ಲೇಯ ಮೇಲಿನ ಪಾರದರ್ಶಕ ಪದರ ಬಿರುಕಿಲ್ಲದೆ ಇದ್ದರೆ, ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರಾವಣ ಬೆರೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ, ನೆರಳಿನಲ್ಲಿ ಒಣಗಿಸಬಹುದು. ಬಂಗಾರ ಅಥವಾ ಬೆಳ್ಳಿ ಬಣ್ಣದ ಹಾಳೆಯನ್ನು ಬಿಸಿಯಾಗಿ ಒತ್ತಿ ಅಕ್ಷರ ಮೂಡಿಸಿದ ಹಾಟ್ ಸ್ಟಾಂಪ್ ಚಿಪ್‌ಗಳನ್ನು ತಿಕ್ಕಲೇಬೇಡಿ, ಅಕ್ಷರವೇ ಎದ್ದು ಹೋಗುತ್ತದೆ. ಪದರದಲ್ಲಿ ಬಿರುಕಿರುವ ಹಳೆಯ ಇನ್‌ಲೇಗಳಿಗೂ ನೀರು ಸೋಕಬಾರದು.

ಇನ್ನೊಂದು ವಿಷಯಕ್ಕೆ ಒತ್ತು ಕೊಟ್ಟು ಹೇಳಬೇಕಾಗಿದೆ. ಹೊಳಪು ಬರಲೆಂದು ಚಿಪ್‌ಗೆ ಮಿನರಲ್ ಆಯಿಲ್ ಸವರುವ ಪದ್ಧತಿ ಸಂಗ್ರಾಹಕರಲ್ಲಿಯೂ ಪೋಕರ್ ಆಡುವವರಲ್ಲಿಯೂ ಇದೆ. ಎಣ್ಣೆ ಹೀರಿದ ಚಿಪ್‌ನ ಎಲ್ಲ ಬಣ್ಣಗಳೂ ಗಾಢವಾಗುತ್ತವೆ. ಒಣ ಚಿಪ್‌ನ ಪಕ್ಕದಲ್ಲಿಟ್ಟರೆ ಇದು ಬೇರೆಯೇ ತಯಾರಿಕೆ ಎಂದು ಯಾರಾದರೂ ಆಣೆ ಮಾಡಿ ಹೇಳುವಷ್ಟು ವ್ಯತ್ಯಾಸ ಕಾಣುತ್ತದೆ. ಮಾರುವವರನ್ನು ಈ ಬಗ್ಗೆ ನೇರವಾಗಿ ಕೇಳಿ, ಎಣ್ಣೆ ಸವರಿದ್ದಾದರೆ ಅದನ್ನು ನಮೂದಿನಲ್ಲಿ ಬರೆಯಿರಿ, ಬಣ್ಣದ ಹೋಲಿಕೆಗೆ ಆ ಚಿಪ್ ಬಳಸಬೇಡಿ.

ಏನನ್ನು ಯಾವ ಕ್ರಮದಲ್ಲಿ ಬರೆಯಬೇಕು

ಕ್ಯಾಸಿನೊ, ಊರು, ಮುಖಬೆಲೆ, ಅಚ್ಚು, ವ್ಯಾಸ ಇವುಗಳ ನಂತರ ಮೈಬಣ್ಣ, ಆಮೇಲೆ ತುಣುಕುಗಳು, ಕೊನೆಗೆ ಇನ್‌ಲೇಯ ಹಿನ್ನೆಲೆ ಬಣ್ಣ ಮತ್ತು ಅಕ್ಷರದ ಬಣ್ಣ ಬರುವಂತೆ ಕ್ರಮ ಇಟ್ಟುಕೊಳ್ಳಿ. ಸಾಮಾನ್ಯ ಚಿಪ್‌ನ ವ್ಯಾಸ 39 ಮಿ.ಮೀ.; ಬ್ಯಾಕರಾ ಎಂಬ ಇಸ್ಪೀಟು ಜೂಜಿನ ಮೇಜಿನಲ್ಲಿ ಬಳಸುವ ದೊಡ್ಡ ಚಿಪ್‌ಗಳು 43 ಮಿ.ಮೀ. ಇರುತ್ತವೆ, ಬಣ್ಣ ಒಂದೇ ಇದ್ದರೂ ಅವಕ್ಕೆ ಪ್ರತ್ಯೇಕ ನಮೂದು ಬೇಕು.

ತುಣುಕುಗಳನ್ನು ಸಂಖ್ಯೆ ಮತ್ತು ಅಗಲಗಳಿಂದ ಗುರುತಿಸುವ ಸಂಕೇತ ತಯಾರಕರಲ್ಲಿಯೇ ಇದೆ: 314 ಎಂದರೆ ಕಾಲು ಅಂಗುಲದ ಮೂರು ತುಣುಕುಗಳು, 412 ಎಂದರೆ ಅರ್ಧ ಅಂಗುಲದ ನಾಲ್ಕು, 818 ಎಂದರೆ ಅಂಗುಲದ ಎಂಟನೇ ಒಂದು ಭಾಗದಷ್ಟು ಅಗಲದ ಎಂಟು. ನಿಮ್ಮ ಪಟ್ಟಿಗೂ ಇದನ್ನೇ ಬಳಸಿದರೆ ಬೇರೆಯವರ ಪಟ್ಟಿಯ ಜೊತೆ ತಾಳೆ ನೋಡುವುದು ಸುಲಭವಾಗುತ್ತದೆ.

ತುಣುಕುಗಳು ಎರಡು ಮೂರು ಬಣ್ಣದವಾಗಿದ್ದರೆ ಕ್ರಮದ ಪ್ರಶ್ನೆ ಬರುತ್ತದೆ, ಇಲ್ಲಿ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಇನ್‌ಲೇಯ ಅಕ್ಷರಗಳನ್ನು ನೇರವಾಗಿಟ್ಟುಕೊಂಡು ಗಡಿಯಾರದ ಹನ್ನೆರಡರ ಜಾಗದಲ್ಲಿ ಯಾವ ತುಣುಕು ಇದೆ ಎಂದು ಬರೆಯುವವರಿದ್ದಾರೆ. ಒತ್ತಿ ಮಾಡಿದ ಚಿಪ್‌ಗಳಲ್ಲಿ ಇದಕ್ಕೆ ಅರ್ಥವಿಲ್ಲ, ಏಕೆಂದರೆ ಇನ್‌ಲೇಯನ್ನು ತುಣುಕುಗಳಿಗೆ ಹೊಂದಿಸಿ ಇಡುವುದಿಲ್ಲ. ಒಂದೇ ಪೆಟ್ಟಿಗೆಯಿಂದ ಬಂದ ನೂರು ಚಿಪ್‌ಗಳಲ್ಲಿ ಅಕ್ಷರಗಳು ನೂರು ದಿಕ್ಕಿಗೆ ತಿರುಗಿರಬಹುದು. ಹಾಗೆಯೇ ಪ್ರದಕ್ಷಿಣೆಯಾಗಿ ಹಳದಿ, ನೀಲಿ, ಬಿಳಿ ಎಂದು ಓದಿದ ಚಿಪ್ಪನ್ನು ಮಗುಚಿದರೆ ಅದೇ ಕ್ರಮ ಹಳದಿ, ಬಿಳಿ, ನೀಲಿ ಆಗುತ್ತದೆ. ಎರಡೂ ಮುಖಗಳ ಇನ್‌ಲೇ ಒಂದೇ ಆಗಿದ್ದರೆ ಇವೆರಡೂ ಒಂದೇ ಚಿಪ್. ಎರಡು ಮುಖಗಳು ಬೇರೆಯಾಗಿದ್ದರೆ ಮಾತ್ರ ‘ಮುಂಬದಿಯಿಂದ ಪ್ರದಕ್ಷಿಣೆಯಾಗಿ’ ಎಂದು ಸ್ಪಷ್ಟಪಡಿಸಿ ಬರೆಯಿರಿ. ಆಗಲೂ ಬಿಲ್ಲೆ ಮಗುಚಿ ಕೂತಿರಬಹುದಾದ್ದರಿಂದ ಕ್ರಮದ ವ್ಯತ್ಯಾಸವನ್ನು ಟಿಪ್ಪಣಿಯಲ್ಲಿಡಿ, ಭೇದವೆಂದು ಎಣಿಸಬೇಡಿ.

ಬಣ್ಣಕ್ಕೆ ಹೆಸರಿಡುವುದು

ಪಾಚಿ ಹಸಿರು, ಇಟ್ಟಿಗೆ ಕೆಂಪು, ಚಿಂತಾಮಣಿ ಬಣ್ಣ ಎಂದೆಲ್ಲ ಬರೆಯುವುದು ಚೆನ್ನಾಗಿಯೇ ಇರುತ್ತದೆ, ಆದರೆ ಓದಿದ ಇಬ್ಬರ ಮನಸ್ಸಿನಲ್ಲಿ ಎರಡು ಬಣ್ಣ ಮೂಡುತ್ತವೆ. ಪಟ್ಟಿಯಲ್ಲಿ ಬಳಸುವ ಹೆಸರುಗಳನ್ನು ಮೊದಲೇ ಮಿತಿಗೊಳಿಸಿ. ಬಿಳಿ, ಕಪ್ಪು, ಬೂದು, ಕೆಂಪು, ಗುಲಾಬಿ, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಕಂದು ಎಂಬ ಹನ್ನೊಂದು ಮೂಲ ಹೆಸರುಗಳು, ಅವುಗಳ ಹಿಂದೆ ತಿಳಿ ಅಥವಾ ಗಾಢ, ಜೊತೆಗೆ ಮಾಸಲು ಅಥವಾ ಉಜ್ವಲ ಎಂಬ ವಿಶೇಷಣಗಳಿದ್ದರೆ ಹೆಚ್ಚಿನ ಚಿಪ್‌ಗಳಿಗೆ ಸಾಕು. ಇನ್ನೂ ಸೂಕ್ಷ್ಮ ಬೇಕೆನ್ನುವವರು ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1955ರಲ್ಲಿ ಪ್ರಕಟಿಸಿದ 267 ಹೆಸರುಗಳ ಪದ್ಧತಿಯನ್ನು ಅನುಸರಿಸಬಹುದು; ಅದೂ ಮನ್ಸೆಲ್ ಅಳತೆಗಳನ್ನೇ ಆಧರಿಸಿದೆ.

ಮನ್ಸೆಲ್ ಪದ್ಧತಿ ಪ್ರತಿ ಬಣ್ಣವನ್ನು ಮೂರು ಅಳತೆಗಳಾಗಿ ಬಿಡಿಸುತ್ತದೆ: ಅದು ಕೆಂಪೋ ಹಳದಿಯೋ ಎಂಬ ವರ್ಣ, ಕಪ್ಪಿನಿಂದ ಬಿಳಿಯವರೆಗಿನ ಏಣಿಯಲ್ಲಿ ಅದರ ತಿಳಿತನ, ಬೂದಿನಿಂದ ಎಷ್ಟು ದೂರವಿದೆ ಎಂಬ ತೀವ್ರತೆ. ಪುಸ್ತಕ ಕೊಳ್ಳಲಾಗದಿದ್ದರೂ ಈ ಮೂರನ್ನು ಬೇರೆ ಬೇರೆಯಾಗಿ ಯೋಚಿಸುವ ರೂಢಿ ಬಹಳ ಉಪಯುಕ್ತ. ‘ಇದು ಆ ಹಸಿರಿಗಿಂತ ಬೇರೆ’ ಎಂದು ಬರೆಯುವ ಬದಲು ‘ವರ್ಣ ಒಂದೇ, ತಿಳಿತನ ಹೆಚ್ಚು, ತೀವ್ರತೆ ಕಡಿಮೆ’ ಎಂದು ಬರೆದರೆ ಕಾರಣ ಹುಡುಕುವ ದಾರಿ ಅಲ್ಲಿಯೇ ತೆರೆಯುತ್ತದೆ, ಏಕೆಂದರೆ ತಿಳಿತನ ಏರಿ ತೀವ್ರತೆ ಇಳಿದದ್ದು ಮಾಸಿದ್ದರ ಲಕ್ಷಣ. ವರ್ಣವೇ ಸರಿದಿದ್ದರೆ ಬಣ್ಣದ ಪುಡಿ ಬದಲಾಗಿರುವ ಸಾಧ್ಯತೆಯ ಕಡೆ ನೋಡಬೇಕು.

ಹೋಲಿಕೆಗೆ ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಕೂಡ ಕೆಲಸಕ್ಕೆ ಬರುತ್ತದೆ; ಆದರೆ ಕಂಪನಿ, ಶೇಡ್ ಸಂಖ್ಯೆ, ಕಾರ್ಡ್ ಕೊಂಡ ವರ್ಷ ಬರೆದಿಟ್ಟು ಕಾರ್ಡನ್ನು ಕತ್ತಲಲ್ಲಿ ಇಡಬೇಕು. ಎಲ್ಲಕ್ಕಿಂತ ಒಳ್ಳೆಯದು ಮಾದರಿ ಚಿಪ್‌ಗಳು. ಪ್ರತಿ ಬಣ್ಣಕ್ಕೆ ಬಳಕೆಯಾಗದ, ಬೆಳಕಿಗೆ ಬೀಳದ ಒಂದು ಚಿಪ್ಪನ್ನು ಮಾದರಿಯಾಗಿ ತೆಗೆದಿಟ್ಟು, ಉಳಿದವನ್ನೆಲ್ಲ ಅದರೊಂದಿಗೆ ಹೋಲಿಸಿ. ಬಣ್ಣ ಅಳೆಯುವ ಉಪಕರಣವಿದ್ದವರು ಅದರ ಕಿಂಡಿ ತುಣುಕಿಗಿಂತ ಚಿಕ್ಕದಿದೆಯೇ ಎಂದು ನೋಡಿಕೊಳ್ಳಬೇಕು. ಕಾಲು ಅಂಗುಲದ ತುಣುಕಿನ ಅಗಲ 6.35 ಮಿ.ಮೀ. ಮಾತ್ರ.

ಚಿತ್ರ ಮತ್ತು ಸ್ಕ್ಯಾನ್

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಅಮೆರಿಕದ ಚಿಪ್ ಸಂಗ್ರಹಿಸುವವರಿಗೆ ಕೊಳ್ಳುವ ಮುನ್ನ ಸಿಗುವುದು ಚಿತ್ರ ಮಾತ್ರ, ಹಾಗಾಗಿ ಈ ಹೆಜ್ಜೆ ನಮ್ಮವರಿಗೆ ಇನ್ನೂ ಮುಖ್ಯ. ಸ್ಕ್ಯಾನರ್‌ನ ‘ತಾನಾಗಿ ಬಣ್ಣ ಸರಿಪಡಿಸು’ ಎಂಬ ಆಯ್ಕೆಯನ್ನು ಮುಚ್ಚಿ, ಪ್ರತಿ ಸ್ಕ್ಯಾನ್‌ನಲ್ಲಿಯೂ ಚಿಪ್‌ನ ಪಕ್ಕ ಬೂದು ಕಾರ್ಡಿನ ತುಂಡೊಂದನ್ನು ಇರಿಸಿ, 600 ಡಿಪಿಐಯಲ್ಲಿ ಟಿಫ್ ಕಡತವಾಗಿ ಉಳಿಸಿ. ಆಗ 39 ಮಿ.ಮೀ. ಚಿಪ್ ಸುಮಾರು 920 ಪಿಕ್ಸೆಲ್ ಅಗಲ ಬರುತ್ತದೆ. ಎರಡೂ ಮುಖಗಳ ಜೊತೆಗೆ ಅಂಚನ್ನೂ ತೆಗೆಯಬೇಕು. ಹೋಲಿಸಬೇಕಾದ ಎರಡು ಚಿಪ್‌ಗಳು ಒಂದೇ ಚಿತ್ರದಲ್ಲಿರಲಿ. ಪ್ರತಿದೀಪ್ತ (ಫ್ಲೋರೆಸೆಂಟ್) ಪುಡಿ ಬೆರೆಸಿದ ಉಜ್ವಲ ಕಿತ್ತಳೆ, ಗುಲಾಬಿಗಳನ್ನು ಯಾವ ಪರದೆಯೂ ಇದ್ದಂತೆ ತೋರಿಸಲಾರದು. ಅವುಗಳ ವಿಷಯದಲ್ಲಿ ಚಿತ್ರ ನೋಡಿ ತೀರ್ಮಾನಕ್ಕೆ ಬರಬಾರದು.

ಭೇದವೋ, ಬದಲಾವಣೆಯೋ: ಪರೀಕ್ಷೆಗಳು

ಇಲ್ಲಿಯವರೆಗೆ ಬರೆದದ್ದು ಕಂಡದ್ದನ್ನು. ಕಾರಣದ ತನಿಖೆ ಇಲ್ಲಿಂದ ಶುರುವಾಗುತ್ತದೆ.

ಮೊದಲು ಚಿಪ್ಪನ್ನು ಮಗುಚಿ. ಒಂದು ಮುಖದ ತುಣುಕು ತಿಳಿಯಾಗಿದ್ದು ಇನ್ನೊಂದು ಮುಖದ ಅದೇ ತುಣುಕು ಗಾಢವಾಗಿದ್ದರೆ, ಚಿಪ್ ಗಾಜಿನ ಚೌಕಟ್ಟಿನಲ್ಲೋ ಕಿಟಕಿಯ ಬಳಿಯೋ ವರ್ಷಗಟ್ಟಲೆ ಇತ್ತೆಂದು ತಿಳಿಯಬಹುದು. ತುಣುಕು ಆರಪಾರ ಹಾಯ್ದಿರುವುದರಿಂದ ಎರಡು ಮುಖಗಳ ಬಣ್ಣ ತಯಾರಿಕೆಯಲ್ಲಿ ಬೇರೆಯಾಗಲು ದಾರಿಯೇ ಇಲ್ಲ. ಆಮೇಲೆ ಉಳಿದ ಭಾಗಗಳನ್ನು ನೋಡಿ. ವಯಸ್ಸು ಮತ್ತು ಹೊಗೆ ಒಂದೇ ಭಾಗವನ್ನು ಆರಿಸಿ ಮುಟ್ಟುವುದಿಲ್ಲ: ಮೈ, ತುಣುಕು, ಇನ್‌ಲೇ ಮೂರೂ ಹಳದಿಯ ಕಡೆ ವಾಲಿದ್ದರೆ ಅದು ಕಾಲದ ಕೆಲಸ. ಇನ್‌ಲೇ ಬೆಳ್ಳಗೆ, ಮೈಬಣ್ಣ ಮಾದರಿಯಂತೆಯೇ ಇದ್ದು ತುಣುಕಿನ ಬಣ್ಣ ಮಾತ್ರ ಬೇರೆಯಾಗಿದ್ದರೆ ಆಸಕ್ತಿಯಿಂದ ಮುಂದುವರಿಯಬೇಕು. ಬಿಸಿಲಿಗೆ ಬೇಗ ಸೋಲುವ ಪುಡಿಗಳೂ ಇರುವುದರಿಂದ ಇದೊಂದೇ ಸಾಕ್ಷಿ ಸಾಲದು.

ಅತ್ಯಂತ ಗಟ್ಟಿಯಾದ ಸಾಕ್ಷಿ ಬೆಲೆ ಕಡಿಮೆಯ ಚಿಪ್‌ಗಳಿಂದ ಸಿಗುತ್ತದೆ. ಕ್ಯಾಸಿನೊ ಮುಚ್ಚಿದಾಗ ಅಥವಾ ಹಳೆಯ ಚಿಪ್‌ಗಳನ್ನು ಹಿಂತೆಗೆದುಕೊಂಡಾಗ ಮತ್ತೆ ಹಣವಾಗಿ ಬಳಕೆಯಾಗದಂತೆ ತೂತು ಕೊರೆದು ಅಥವಾ ಅಂಚಿನಲ್ಲಿ ಕಚ್ಚು ಹಾಕಿ ರದ್ದು ಮಾಡಿದ ಚಿಪ್‌ಗಳಿರುತ್ತವೆ. ಸಂಗ್ರಾಹಕರು ಇವನ್ನು ಕೀಳಾಗಿ ಕಾಣುತ್ತಾರೆ, ಪಟ್ಟಿ ಮಾಡುವವರಿಗೆ ಮಾತ್ರ ಇವು ಬಂಗಾರ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಕಚ್ಚಿನ ಒಳಗೋಡೆಗೆ ಓರೆಯಾಗಿ ಬೆಳಕು ಬಿಟ್ಟು ನೋಡಿ: ಮೇಲ್ಮೈಯ ಕೂದಲೆಳೆಯಷ್ಟು ದಪ್ಪದ ಪದರ ಮಸುಕು ಗುಲಾಬಿಯಾಗಿದ್ದು, ಅದರ ಕೆಳಗೆ ಕಡಿದ ಪದಾರ್ಥ ತುಂಬು ಕಿತ್ತಳೆಯಾಗಿ ಕಂಡರೆ ಆ ಚಿಪ್ ಹುಟ್ಟಿದ್ದು ಕಿತ್ತಳೆಯಾಗಿಯೇ. ಒಳಗೂ ಹೊರಗೂ ಅದೇ ಗುಲಾಬಿ ಇದ್ದರೆ ಮಿಶ್ರಣದಲ್ಲಿಯೇ ಆ ಬಣ್ಣವಿತ್ತೆಂದು ಬರೆಯಲು ಆಧಾರ ಸಿಕ್ಕಿತು. ಅಂಚು ಚಕ್ಕೆಯೆದ್ದ ಚಿಪ್‌ನ ಮುರಿದ ಜಾಗವೂ ಇದೇ ಸಾಕ್ಷ್ಯ ಕೊಡುತ್ತದೆ. ಪರೀಕ್ಷೆಗೆಂದು ಒಳ್ಳೆಯ ಚಿಪ್ಪನ್ನು ಕೆರೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಳೆಯ ಚಿಪ್‌ಗಳನ್ನು ಹೇಗೆ ಹಿಂದಕ್ಕೆ ಪಡೆದು ಹೇಗೆ ನಾಶಮಾಡಬೇಕೆಂಬುದಕ್ಕೆ ನೆವಾಡಾದಲ್ಲಿ ನಿಯಮವೇ ಇದೆ, ಅದನ್ನು ದಾಟಿ ಉಳಿದದ್ದೇ ಕೆಲವು.

ಮುಂದಿನದು ಗುಂಪಿನ ಪರೀಕ್ಷೆ. ಒಂದೇ ಚಿಪ್ ನೋಡಿ ಭೇದವನ್ನು ಘೋಷಿಸಬಾರದು. ಬೇರೆ ಬೇರೆ ಕಡೆಯಿಂದ ಬಂದ, ಸಾಧ್ಯವಾದಷ್ಟು ಹೆಚ್ಚು ಚಿಪ್‌ಗಳನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ಜೋಡಿಸಿ. ಸಾಲು ಎಲ್ಲೂ ಮುರಿಯದೆ ನಯವಾಗಿ ಇಳಿಯುತ್ತಾ ಹೋದರೆ ಅದು ಒಂದೇ ಚಿಪ್‌ನ ಹಲವು ವಯಸ್ಸುಗಳು, ಇಲ್ಲವೇ ತಯಾರಿಕೆಯ ಸಹಜ ಏರಿಳಿತ. ಚಿಪ್‌ಗಳು ಎರಡು ಗುಂಪುಗಳಾಗಿ ಬೇರ್ಪಟ್ಟು ನಡುವೆ ಏನೂ ಉಳಿಯದಿದ್ದರೆ ಎರಡು ಬೇರೆ ಬೇರೆ ಮಿಶ್ರಣಗಳಿದ್ದವು ಎಂಬ ವಾದಕ್ಕೆ ಬಲ ಬರುತ್ತದೆ. ಉಪಕರಣದಿಂದ ಅಳೆಯುವವರೂ ಇಷ್ಟು ಅಂತರವಿದ್ದರೆ ಭೇದ ಎಂಬ ಸಿದ್ಧ ಅಂಕಿಯನ್ನು ಹಿಡಿಯದೆ, ಒಂದೇ ಗುಂಪಿನೊಳಗಿನ ಅಂತರಕ್ಕಿಂತ ಎರಡು ಗುಂಪುಗಳ ನಡುವಿನ ಅಂತರ ಎಷ್ಟು ದೊಡ್ಡದೆಂದು ನೋಡಬೇಕು.

ಗುಂಪುಗಳು ಬೇರ್ಪಟ್ಟ ಮೇಲೆ ಬಣ್ಣದ ಜೊತೆಗೆ ಇನ್ನೇನಾದರೂ ಬದಲಾಗಿದೆಯೇ ಎಂದು ಹುಡುಕಿ. ಗುಲಾಬಿ ತುಣುಕಿನ ಚಿಪ್‌ಗಳಲ್ಲೆಲ್ಲ ಇನ್‌ಲೇಯ ವ್ಯಾಸ ಒಂದು ಮಿಲಿಮೀಟರ್ ದೊಡ್ಡದಿದೆ, ಅಥವಾ ಅಕ್ಷರದ ದಪ್ಪ ಬೇರೆ ಇದೆ, ಅಥವಾ ಅಚ್ಚಿನ ಗುರುತಿನ ನಡುವಣ ಅಂತರ ಬೇರೆ ಇದೆ ಎಂದಾದರೆ ಅವು ಬೇರೆ ಹೊತ್ತಿನ ಆರ್ಡರ್ ಎಂಬುದು ಬಹುತೇಕ ಖಚಿತ. ಕ್ಯಾಸಿನೊಗಳು ಮೊದಲು ತರಿಸಿದ ಚಿಪ್‌ಗಳು ಸವೆದಾಗ ಅಥವಾ ಜನ ಮನೆಗೆ ಒಯ್ದು ಕಡಿಮೆಯಾದಾಗ ವರ್ಷಗಳ ಅಂತರದಲ್ಲಿ ಮತ್ತೆ ತರಿಸುತ್ತವೆ. ಭೇದಗಳು ಹುಟ್ಟುವ ಮುಖ್ಯ ಜಾಗ ಅದೇ. ಬಣ್ಣ ಒಂದೇ ಬದಲಾಗಿ ಉಳಿದದ್ದೆಲ್ಲ ತದ್ರೂಪವಾಗಿದ್ದರೆ ನಾನು ಹೊಸ ಸಂಖ್ಯೆ ಕೊಡುವುದಿಲ್ಲ, ಅದೇ ಸಂಖ್ಯೆಯಡಿ ‘ಛಾಯೆ’ ಎಂದು ಬರೆದು ಕಾಯುತ್ತೇನೆ.

ನೇರಳಾತೀತ ಟಾರ್ಚ್ ಇದ್ದರೆ, 365 ನ್ಯಾನೋಮೀಟರ್‌ನದ್ದಾದರೆ ಉತ್ತಮ, ಕತ್ತಲೆ ಕೋಣೆಯಲ್ಲಿ ಎರಡೂ ಗುಂಪಿನ ಚಿಪ್‌ಗಳನ್ನು ನೋಡಿ. ಹಗಲಿನಲ್ಲಿ ಅಕ್ಕಪಕ್ಕದ ಛಾಯೆಗಳಂತೆ ಕಂಡ ಎರಡು ಕಿತ್ತಳೆಗಳಲ್ಲಿ ಒಂದು ಕೆಂಡದಂತೆ ಹೊಳೆದು ಇನ್ನೊಂದು ಕಪ್ಪಾಗಿಯೇ ಉಳಿದರೆ ಅವುಗಳಲ್ಲಿ ಬಳಸಿದ ಪುಡಿಗಳು ಬೇರೆ. ಇದನ್ನು ‘ಹೊಳೆಯುತ್ತದೆ’, ‘ಹೊಳೆಯುವುದಿಲ್ಲ’ ಎಂದು ಪ್ರತಿ ನಮೂದಿನಲ್ಲಿ ಬರೆಯಲು ಒಂದು ಜಾಗ ಮೀಸಲಿಡಿ. ತೊಳೆದ ಚಿಪ್‌ನ ಮೇಲೆ ಉಳಿದ ಸೋಪು ಸಹ ಕೆಲವೊಮ್ಮೆ ನೀಲಿಯಾಗಿ ಹೊಳೆಯಬಹುದು ಎಂಬುದು ನೆನಪಿರಲಿ.

ಕೊನೆಯದಾಗಿ ಮೋಸದ ಸಾಧ್ಯತೆ. ಬ್ಲೀಚ್ ದ್ರಾವಣದಲ್ಲಿ ಅದ್ದಿ ಬಣ್ಣ ತಿಳಿಯಾಗಿಸಿದ ಚಿಪ್‌ನ ಮೇಲ್ಮೈ ಸುಣ್ಣ ಬಳಿದಂತೆ ಒಣಗಿರುತ್ತದೆ. ಅಚ್ಚಿನ ಸಣ್ಣ ಗೆರೆಗಳು ಹರಿತ ಕಳೆದುಕೊಂಡಿರುತ್ತವೆ. ಇನ್ನೊಂದು ಕಡೆ, ಮೂರು ತುಣುಕುಗಳಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದಾಗಿದ್ದು ಕೂಡುಗೆರೆ ಅಚ್ಚುಕಟ್ಟಾಗಿದ್ದರೆ ಅದು ಕಾರ್ಖಾನೆಯಲ್ಲಿ ಆದ ತಪ್ಪು. ಅಂಥ ಚಿಪ್‌ಗೆ ಬೆಲೆ ಇದೆ, ಆದರೆ ಅದು ಭೇದವಲ್ಲ. ‘ತಪ್ಪು ತುಣುಕು’ ಎಂಬ ಬೇರೆ ತಲೆಬರಹದಡಿ ಅದನ್ನು ಬರೆಯಬೇಕು.

ರೂಲೆಟ್ ಚಿಪ್‌ಗಳ ವಿಷಯ ಬೇರೆ

ತಿರುಗುವ ಚಕ್ರದ ಜೂಜಾದ ರೂಲೆಟ್‌ನ ಮೇಜಿನ ಚಿಪ್‌ಗಳ ಮೇಲೆ ಸಾಮಾನ್ಯವಾಗಿ ಬೆಲೆ ಇರುವುದಿಲ್ಲ. ಪ್ರತಿ ಆಟಗಾರರಿಗೆ ಒಂದು ಬಣ್ಣ ಕೊಟ್ಟು, ಯಾರ ಪಣ ಯಾವುದು ಎಂಬುದನ್ನು ಬಣ್ಣದಿಂದಲೇ ಗುರುತಿಸುತ್ತಾರೆ. ಯಾವ ಮೇಜಿನದೆಂದು ಹೇಳಲು ಅಕ್ಷರ, ಅಂಕಿ ಅಥವಾ ಚಿಹ್ನೆ ಇರುತ್ತದೆ. ಇಲ್ಲಿ ಬಣ್ಣವೇ ಚಿಪ್‌ನ ಗುರುತಾದ್ದರಿಂದ ಪಟ್ಟಿಯನ್ನು ಕೋಷ್ಟಕವಾಗಿ ಮಾಡಬೇಕು: ಎಡಗಡೆ ಮೇಜಿನ ಗುರುತುಗಳು, ಮೇಲೆ ಬಣ್ಣಗಳು, ಸಿಕ್ಕಿದ ಚಿಪ್‌ಗೆ ಆಯಾ ಮನೆಯಲ್ಲಿ ಗುರುತು. ಖಾಲಿ ಉಳಿದ ಮನೆಗಳೇ ಮುಂದೆ ಏನನ್ನು ಹುಡುಕಬೇಕೆಂದು ತೋರಿಸುತ್ತವೆ.

ಅನುಮಾನದ ಛಾಯೆ ಬಂದಾಗ ಮೇಜಿನಲ್ಲಿ ಆಟ ನಡೆಸುವ ಡೀಲರ್‌ನ ಜಾಗದಲ್ಲಿ ನಿಂತು ಯೋಚಿಸಿ. ಒಂದೇ ಮೇಜಿನ ಗುರುತಿರುವ ಎರಡು ಬಣ್ಣಗಳು ಒಂದೇ ಹೊತ್ತಿಗೆ ಇಬ್ಬರು ಆಟಗಾರರ ಕೈಯಲ್ಲಿ ಇರುತ್ತವೆ. ಕ್ಷಣಾರ್ಧದಲ್ಲಿ ಅವನ್ನು ಬೇರ್ಪಡಿಸಲಾಗದಿದ್ದರೆ ಜಗಳವೇ ಆಗುತ್ತದೆ. ಹಾಗಾಗಿ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಬೇರೆಯಾಗಿ ಕಾಣುವ ಎರಡು ಹಸಿರುಗಳು ಒಂದೇ ಸೆಟ್‌ನ ಎರಡು ಬಣ್ಣಗಳಾಗಿರಲಾರವು. ಒಂದೇ ಬಣ್ಣದ ಮೊದಲ ಮತ್ತು ಎರಡನೆಯ ಆರ್ಡರ್ ಆಗಿರಬಹುದು. ಪೀಚ್ ಮತ್ತು ಗುಲಾಬಿ ಎರಡೂ ‘ಬಿ’ ಮೇಜಿನ ಗುರುತಿನೊಂದಿಗೆ ಸಿಕ್ಕಿ, ದೂರದಿಂದಲೇ ಬೇರೆಯಾಗಿ ಕಂಡರೆ ಎರಡಕ್ಕೂ ಕೋಷ್ಟಕದಲ್ಲಿ ತಮ್ಮ ತಮ್ಮ ಮನೆ ಕೊಡಬೇಕು.

ಸಂಖ್ಯೆ ಕೊಡುವುದು, ನಮೂದು ಬರೆಯುವುದು

ಸಂಖ್ಯೆಯ ರಚನೆ ಸರಳವಾಗಿರಲಿ. ಊರಿನ ಸಂಕೇತ, ಕ್ಯಾಸಿನೊದ ಕ್ರಮಸಂಖ್ಯೆ, ಮುಖಬೆಲೆ, ವಿನ್ಯಾಸದ ಸಂಖ್ಯೆ, ಕೊನೆಗೆ ಭೇದದ ಅಕ್ಷರ. ಉದಾಹರಣೆಗೆ ರೀ-014-5-2ಬಿ ಎಂದರೆ ರೀನೊ ಊರಿನ, ನಿಮ್ಮ ಪಟ್ಟಿಯ ಹದಿನಾಲ್ಕನೆಯ ಕ್ಯಾಸಿನೊದ, 5 ಡಾಲರ್ ಚಿಪ್‌ನ ಎರಡನೆಯ ವಿನ್ಯಾಸದ ಎರಡನೆಯ ಬಣ್ಣಭೇದ. ಬಣ್ಣದ ಹೆಸರನ್ನು ಸಂಖ್ಯೆಯೊಳಗೆ ಸೇರಿಸಬೇಡಿ, ಏಕೆಂದರೆ ಮುಂದೆ ಹೆಸರು ತಿದ್ದಬೇಕಾಗಿ ಬಂದರೆ ಸಂಖ್ಯೆಯೂ ಕೆಡುತ್ತದೆ.

ಒಂದು ನಮೂದು ಹೀಗಿರಬಹುದು: ‘ಒತ್ತಿ ಮಾಡಿದ ಕ್ಲೇ, ಟೋಪಿ-ಕೈಕೋಲಿನ ಅಚ್ಚು, 39 ಮಿ.ಮೀ. ಮೈ ಉಜ್ವಲ ಕೆಂಪು. ತುಣುಕು 314, ಮೂರೂ ತಿಳಿಗಿತ್ತಳೆ. 2ಎ ಚಿಪ್‌ನಲ್ಲಿ ಇವು ಗಾಢ ಕಿತ್ತಳೆ. ಇನ್‌ಲೇ ಬಿಳಿ, ಅಕ್ಷರ ಕಪ್ಪು, ವ್ಯಾಸ 2ಎಗಿಂತ 1 ಮಿ.ಮೀ. ಹೆಚ್ಚು. ನೇರಳಾತೀತ ಬೆಳಕಿನಲ್ಲಿ ತುಣುಕು ಹೊಳೆಯುತ್ತದೆ, 2ಎ ಹೊಳೆಯುವುದಿಲ್ಲ. ಎಣ್ಣೆ ಸವರಿಲ್ಲ, ತೊಳೆದಿಲ್ಲ. ನೋಡಿದ ಚಿಪ್‌ಗಳು ಏಳು, ಒಂದು ರದ್ದಾದದ್ದು. ಕಚ್ಚಿನ ಒಳಗೂ ಅದೇ ಬಣ್ಣ. ತೀರ್ಮಾನ: ಖಚಿತ.’ ಕೊನೆಯ ಪದಕ್ಕೆ ‘ಖಚಿತ’, ‘ಸಂಭವ’, ‘ಛಾಯೆ ಮಾತ್ರ’ ಎಂಬ ಮೂರು ದರ್ಜೆಗಳು ಸಾಕು. ಎಷ್ಟು ಚಿಪ್ ನೋಡಿ ಬರೆದದ್ದು ಎಂಬುದನ್ನು ಬಿಡಲೇಬೇಡಿ. ಓದುವವರು ನಿಮ್ಮ ಮಾತನ್ನು ಎಷ್ಟು ನಂಬಬಹುದೆಂದು ತೂಗುವುದು ಅದರಿಂದಲೇ.

ಮಾದರಿ ಚಿಪ್‌ಗಳನ್ನು ಪಿವಿಸಿ ಇಲ್ಲದ ಮೈಲಾರ್ ಚೀಲಗಳಲ್ಲಿಯೋ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿಯೋ ಹಾಕಿ ಕತ್ತಲಲ್ಲಿ ಇಡಿ. ಪಿವಿಸಿ ಚೀಲದಿಂದ ಒಸರುವ ಮೆದುಕಾರಕ ಪದಾರ್ಥಗಳು ಕಾಲಕ್ರಮದಲ್ಲಿ ಚಿಪ್‌ನ ಮೈಗೆ ಅಂಟಾಗಿ ಹತ್ತುತ್ತವೆ. ಅಮೆರಿಕದ ಸಂಗ್ರಾಹಕರ ಸಂಘ 1988ರಲ್ಲಿ ಹುಟ್ಟಿದ್ದು, ಅದರ ಸದಸ್ಯರಲ್ಲಿ ಒಂದೇ ಕ್ಯಾಸಿನೊದ ಚಿಪ್‌ಗಳನ್ನು ಜೀವಮಾನವಿಡೀ ಕೂಡಿಟ್ಟವರಿದ್ದಾರೆ. ‘ಸಂಭವ’ ಎಂಬಲ್ಲಿ ನಿಂತ ನಮೂದುಗಳನ್ನು ಅವರಿಗೆ ಕಳುಹಿಸಿ, ಅವರ ಬಳಿಯಿರುವ ಚಿಪ್‌ಗಳನ್ನು ಅದೇ ಕೆಲ್ವಿನ್‌ನ ದೀಪದಡಿ, ಅದೇ ಬೂದು ಕಾರ್ಡಿನ ಪಕ್ಕ ನೋಡಿ ಹೇಳುವಂತೆ ಕೇಳಿಕೊಳ್ಳಿ. ಅವರ ಉತ್ತರದಿಂದ ಯಾವುದಾದರೂ ಭೇದ ಬಿದ್ದುಹೋದರೆ ನಮೂದನ್ನು ಅಳಿಸದೆ, ಕಾರಣ ಮತ್ತು ತಿಂಗಳು-ವರ್ಷ ಬರೆದು ‘ಹಿಂತೆಗೆದದ್ದು’ ಎಂದು ಗುರುತು ಹಾಕಿ, ಆ ಅಕ್ಷರವನ್ನು ಇನ್ನೊಂದು ಚಿಪ್‌ಗೆ ಎಂದೂ ಕೊಡದಿರಿ; ಹಳೆಯ ಪ್ರತಿಯನ್ನು ಇಟ್ಟುಕೊಂಡವರು 2ಸಿ ಎಂದು ಕೇಳಿದಾಗ ಅದು ಯಾವ ಚಿಪ್, ಏಕೆ ಕೈಬಿಟ್ಟದ್ದು ಎಂದು ತೋರಿಸಲು ಸಾಧ್ಯವಾಗಬೇಕು.